ನಾಲ್ಕನೇ ಮಹಡಿಯಲ್ಲಿ ನಿಲ್ಲುವ ಲಿಫ್ಟು

ಲಿಫ್ಟು ನಾಲ್ಕನೇ ಮಹಡಿಯಲ್ಲಿ ಮತ್ತೆ ನಿಂತಿತು. ಗುಬ್ಬಿ ಒತ್ತಿದ್ದು ಏಳನ್ನು.

ಬಾಗಿಲು ತಾನಾಗಿ ತೆರೆದುಕೊಂಡಿತು. ಹೊರಗೆ ಒಂದು ನರಪಿಳ್ಳೆಯೂ ಇಲ್ಲ. ಮಬ್ಬು ಕಾರಿಡಾರು, ಅದರ ತುದಿಯಲ್ಲೊಂದು ಬಾಗಿಲು. ತಣ್ಣನೆಯ ಗಾಳಿ ಒಳಗೆ ಬಂದು ಅವಳ ಕತ್ತು ಸವರಿತು.

“ಆ ಕಡೆ ನೋಡ್ಬೇಡ ಕಣೇ,” ಎಂದು ಗೆಳತಿ ಬೆಣ್ಣೆ ಅವಳ ಕೈ ಹಿಚುಕಿದಳು. “ವಾಚ್ ರಿಪೇರಿ ಅಜ್ಜ ಹತ್ಕೋತಾರಂತೆ. ಸತ್ತ ಮೇಲೂ.”

ಬಾಗಿಲು ಮುಚ್ಚಿತು. ಇನ್ನೊಬ್ಬರು ಹತ್ತಿದಂತೆ ಲಿಫ್ಟು ಭಾರವಾಗಿ ಕಿರುಗುಟ್ಟಿತು.

ಅಜ್ಜ ತೀರಿಕೊಂಡು ಎರಡು ತಿಂಗಳಾಗಿತ್ತು. ನಾಲ್ಕನೇ ಮಹಡಿಯ ಆ ಮನೆಯಲ್ಲಿ ಈಗ ಅಜ್ಜಿ ಒಬ್ಬರೇ. ಕಟ್ಟಡದ ಮಕ್ಕಳ್ಯಾರೂ ಹೆದರಿ ಅತ್ತ ಸುಳಿಯುತ್ತಿರಲಿಲ್ಲ.

ಗುಬ್ಬಿಗೆ ಇನ್ನೊಂದು ಚಿಂತೆಯೂ ಇತ್ತು. ಅವಳ ಅಮ್ಮ ಲಿಫ್ಟ್ ಮೆಕ್ಯಾನಿಕ್. ಈ ಲಿಫ್ಟೂ ಅಮ್ಮನ ಜವಾಬ್ದಾರಿಯೇ. ಮೂರು ದಿನ ಬೆಳಗ್ಗೆ ಬಟನ್ನು, ವೈರು, ಮೋಟಾರು ಎಲ್ಲ ಬಿಚ್ಚಿ ನೋಡಿದರೂ ದೋಷ ಸಿಕ್ಕಿರಲಿಲ್ಲ. “ಈ ತಿಂಗಳು ಸರಿಹೋಗದಿದ್ರೆ ಬೇರೆಯವರನ್ನ ಕರೆಸ್ತೀವಮ್ಮ,” ಎಂದಿದ್ದರು ಕಟ್ಟಡದ ಸಂಘದ ಸೆಕ್ರೆಟರಿ.

ಅಂದಿನಿಂದ ಗುಬ್ಬಿ ನೋಟ್‌ಬುಕ್ಕಿನಲ್ಲಿ ಲಿಫ್ಟು ನಿಲ್ಲುವುದನ್ನು ಬರೆದಿಡತೊಡಗಿದಳು. ಸ್ಕೂಲಿಂದ ಮೂರೂವರೆಗೆ ಬಂದಾಗ ಒಂದು ಸಲ, ಆಟ ಮುಗಿಸಿ ಐದಕ್ಕೆ ಬಂದಾಗ ಒಂದು ಸಲ. ಇಪ್ಪತ್ತು ದಿನಕ್ಕೆ ನಲವತ್ತು ಸಲ. ಅದರಲ್ಲಿ ಲಿಫ್ಟು ನಾಲ್ಕರಲ್ಲಿ ನಿಂತದ್ದು ಹದಿನಾರು ಸಲ.

“ದೆವ್ವ ಒಂಟಿಯಾಗಿರೋರನ್ನೇ ಹಿಡಿಯೋದು,” ಎಂದಳು ಬೆಣ್ಣೆ.

ಗುಬ್ಬಿ ಚೌಕ ಹಾಕಿ ಲೆಕ್ಕ ಮಾಡಿದಳು. ಒಬ್ಬಳೇ ಇದ್ದ ಇಪ್ಪತ್ತರಲ್ಲಿ ಎಂಟು. ಬೆಣ್ಣೆ ಜೊತೆಗಿದ್ದ ಇಪ್ಪತ್ತರಲ್ಲೂ ಎಂಟು.

ಅಮ್ಮ ಇಣುಕಿ ನೋಡಿ ನಕ್ಕಳು. “ನಿಮ್ಮ ದೆವ್ವಕ್ಕೆ ಒಬ್ಬರಾದ್ರೂ ಅಷ್ಟೇ, ಇಬ್ಬರಾದ್ರೂ ಅಷ್ಟೇ. ಟೈಮ್ ಪ್ರಕಾರ ಬೇರೆ ಮಾಡಿ ನೋಡು.”

ಗುಬ್ಬಿ ಹೊಸ ಚೌಕ ಹಾಕಿದಳು. ಮೂರೂವರೆಯ ಇಪ್ಪತ್ತರಲ್ಲಿ ಒಂದೇ ಒಂದು. ಐದು ಗಂಟೆಯ ಇಪ್ಪತ್ತರಲ್ಲಿ ಹದಿನೈದು. ಅಂದರೆ ಐದಕ್ಕೆ ಹತ್ತಿದರೆ ಪ್ರತಿ ನಾಲ್ಕು ಸಲಕ್ಕೆ ಮೂರು ಸಲ ಅಲ್ಲಿ ನಿಲ್ಲುತ್ತದೆ.

ಅವಳಿಗೆ ಥಟ್ಟನೆ ನೆನಪಾಯಿತು. ಅಂಗಡಿ ಮುಚ್ಚಿ ಅಜ್ಜ ಮನೆಗೆ ಬರುತ್ತಿದ್ದುದೂ ಐದಕ್ಕೇ.

ಮರುದಿನ ಐದಕ್ಕೆ ಐದು ನಿಮಿಷವಿರುವಾಗ ಅವಳು ಮೆಟ್ಟಿಲು ಹತ್ತಿ, ನಾಲ್ಕನೇ ಮಹಡಿಯ ತಿರುವಿನಲ್ಲಿ ಉಸಿರು ಬಿಗಿಹಿಡಿದು ಕೂತಳು.

ತುದಿಯ ಬಾಗಿಲು ಸದ್ದಿಲ್ಲದೆ ತೆರೆಯಿತು. ಅಜ್ಜಿ ಗೋಡೆ ಹಿಡಿದುಕೊಂಡು ಬಂದರು. ಲಿಫ್ಟಿನ ಬಟನ್ ಒತ್ತಿ, ಹಾಗೇ ಹಿಂದಿರುಗಿ, ಬಾಗಿಲು ಅರೆ ತೆರೆದು ಅದರ ಹಿಂದೆ ನಿಂತರು. ಟಿಂಗ್ ಎಂದಿತು. ಲಿಫ್ಟು ತೆರೆಯಿತು. ಅಜ್ಜಿ ಕಣ್ಣು ಮುಚ್ಚಿದ್ದರು.

ಲಿಫ್ಟು ಹೋದಮೇಲೆ ಅವರಿಗೆ ಗುಬ್ಬಿ ಕಂಡಳು.

“ಹೆದರಿಸಿಬಿಟ್ನಾ, ಕಂದ?”

“ನೀವು ಎಲ್ಲಿಗೂ ಹೋಗಲ್ವಾ ಅಜ್ಜಿ?”

“ಇಲ್ಲ. ಐದಕ್ಕೆ ಅವರು ಬರೋವಾಗ ಆ ಟಿಂಗ್ ಕೇಳಿ ಕೇಳಿ ಅಭ್ಯಾಸ. ಯಾರೂ ಬರಲ್ಲ ಅಂತ ಗೊತ್ತು. ಮಂಡಿ ನೋವು ಬಂದ ದಿನ ಅದೂ ಇಲ್ಲ.”

ಗುಬ್ಬಿ ಸ್ವಲ್ಪ ಯೋಚಿಸಿ ಕೇಳಿದಳು: “ಒಂದಿನ ಮೂರೂವರೆಗೇ ಒತ್ತಿದ್ರಲ್ಲ?”

“ಅವತ್ತು ಗಡಿಯಾರ ಮುಂದೆ ಓಡಿತ್ತು. ರಿಪೇರಿ ಮಾಡೋರು ಎಲ್ಲಿದ್ದಾರೆ ಹೇಳು.”

ಮನೆಯಲ್ಲಿ ವಿಷಯ ಕೇಳಿದ ಅಮ್ಮ ಪೆನ್ನು ಕೈಗೆತ್ತಿಕೊಂಡಳು. ರಿಪೋರ್ಟಿನಲ್ಲಿ ‘ಯಂತ್ರದಲ್ಲಿ ದೋಷವಿಲ್ಲ’ ಎಂದು ಬರೆದಳು. “ಸೆಕ್ರೆಟರಿಗೆ ನಾನು ಹೇಳ್ಕೋತೀನಿ. ನೀನು ಊಟಕ್ಕೆ ಬಾ.”

ಮರುದಿನ ಐದಕ್ಕೆ ಲಿಫ್ಟು ನಾಲ್ಕರಲ್ಲಿ ನಿಂತಿತು. ಬೆಣ್ಣೆ ಕಣ್ಣು ಮುಚ್ಚಿಕೊಂಡಳು.

ತುದಿಯ ಬಾಗಿಲು ಬೆರಳಷ್ಟು ತೆರೆದಿತ್ತು.

“ಬೇಗ ಮುಚ್ಚೇ,” ಎಂದು ಬೆಣ್ಣೆ ಪಿಸುಗುಟ್ಟಿದಳು.

“ಇರು, ಅಜ್ಜ ಇಳೀಲಿ,” ಎಂದು ಗುಬ್ಬಿ ಲಿಫ್ಟಿನ ಬಾಗಿಲು ಮುಚ್ಚದಂತೆ ಬಟನ್ ಒತ್ತಿ ಹಿಡಿದಳು. ತುದಿಯ ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳುವವರೆಗೂ ಬೆರಳು ತೆಗೆಯಲಿಲ್ಲ.