ಬೇಡವೆಂದ ಬಾಗಿಲು

"ಹೋಗಿ... ಇಲ್ಲಿ ನಿಮಗೇನೂ ಕೆಲಸ ಇಲ್ಲ!"

ಸಮರ್ಕಂದದ ಯೆಹೂದಿ ಕೇರಿಯ ಪ್ರಾರ್ಥನಾಮಂದಿರದ ಬಾಗಿಲಲ್ಲಿ ಅಡ್ಡ ನಿಂತಿದ್ದ ಯುವಕನ ಮಾತಿಗೆ ತೈಸಿಯಾಳ ಮುಖ ಕೆಂಪೇರಿತು.

"ನಾನು ನಿಮ್ಮ ಗುರುಗಳು, ರಬ್ಬಿಯವರನ್ನ ನೋಡ್ಬೇಕು. ಯೆಹೂದಿ ಆಗ್ಬೇಕು ನಾನು."

"ನಾನು ಅವರ ಮಗ, ಓಶೆರ್. ಬೇಡ ಅಂತ ಅಪ್ಪಾನೇ ಹೇಳಿ ಕಳಿಸಿದ್ದಾರೆ. ನಿಮ್ಮವರ ಜೊತೆ ಸುಖವಾಗಿರಿ."

ಅವನ ಬಾಯಿ ಹೋಗಿ ಎನ್ನುತ್ತಿತ್ತು, ಕಣ್ಣು ಇರಿ ಎನ್ನುತ್ತಿತ್ತು. ಸಿಟ್ಟಿನಲ್ಲಿದ್ದ ಹುಡುಗಿಗೆ ಕಣ್ಣು ನೋಡುವಷ್ಟು ತಾಳ್ಮೆ ಎಲ್ಲಿತ್ತು!

ಬಾಡಿಗೆ ಕೋಣೆಗೆ ಬಂದು ಊರು ಬಿಡಲು ಬಟ್ಟೆ ಗಂಟು ಕಟ್ಟತೊಡಗಿದಳು. ಮನೆಯೊಡತಿ ಮಜೋಲಜ್ಜಿ ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಯ್ಯೋ ಪೆದ್ದಿ! ಬಂದವರನ್ನ ಮೊದಲು ಬೇಡ ಅನ್ನೋದೇ ನಮ್ಮ ಪದ್ಧತಿ ಕಣೇ. ಆಸೆ ತೋರಿಸಿ ಯಾರನ್ನೂ ಕರೆಯಲ್ಲ ನಾವು. ಮತ್ತೆ ಹೋಗು."

"ಮತ್ತೆ ಬೇಡ ಅಂದ್ರೆ?"

"ಮತ್ತೆ ಹೋಗು! ಅದ್ಯಾಕೆ ಇಷ್ಟೊಂದು ಹಂಬಲ ನಿನಗೆ?"

"ಶುಕ್ರವಾರ ಸಂಜೆ ನಿಮ್ಮ ವಾರದ ಪವಿತ್ರ ದಿನಕ್ಕೆ ನೀವು ದೀಪ ಹಚ್ಚಿದಾಗ... ಎಲ್ಲೋ ಕಳೆದುಹೋಗಿದ್ದ ನಾನು ಮನೆಗೆ ಬಂದ ಹಾಗಾಗುತ್ತೆ, ಅಜ್ಜಿ."

ಅವಳು ಮತ್ತೆ ಹೋದಳು. ಮತ್ತೆಯೂ ಬೇಡ ಎನ್ನಿಸಿಕೊಂಡಳು. ಕೊನೆಗೊಮ್ಮೆ ರಬ್ಬಿಯೇ ಬಾಗಿಲು ತೆರೆದು, ಹಸಿರು ಚಹಾ ಕೊಟ್ಟು ಕೂರಿಸಿದರು.

ಚಳಿಗಾಲವೆಲ್ಲ ಪಾಠ ನಡೆಯಿತು. ಹೀಬ್ರೂ ಅಕ್ಷರ ಕಲಿಸಿದವನು ಓಶೆರ್. ಅವಳ ಉಚ್ಚಾರಣೆಗೆ ಅವನು ನಗುತ್ತಿದ್ದ, ಅವಳು ಮುನಿಸಿಕೊಳ್ಳುತ್ತಿದ್ದಳು. ಒಂದು ದಿನ ಪುಟ ತಿರುವುವಾಗ ಇಬ್ಬರ ಬೆರಳೂ ತಾಗಿದವು. ಇಬ್ಬರೂ ಓದುತ್ತಿದ್ದ ಸಾಲನ್ನೇ ಮರೆತರು.

ಮರುದಿನದಿಂದ ಓಶೆರ್ ಬರಲೇ ಇಲ್ಲ! ಬೀದಿಯಲ್ಲಿ ಎದುರಾದರೂ ತಲೆ ತಗ್ಗಿಸಿ ಆಚೆ ಬದಿಗೆ ಹೋಗಿಬಿಡುತ್ತಿದ್ದ.

'ಎಷ್ಟಾದರೂ ಹೊರಗಿನವಳು ತಾನೇ ನಾನು...' ಅವಳ ಎದೆ ಭಾರವಾಯಿತು. ಆದರೂ ಪಾಠ ಬಿಡಲಿಲ್ಲ.

ಅವಳನ್ನು ಸೇರಿಸಿಕೊಳ್ಳುವುದೋ ಬೇಡವೋ ಎಂದು ತೀರ್ಮಾನಿಸಲು ರಬ್ಬಿಯೂ ಇಬ್ಬರು ಹಿರಿಯರೂ ಕೂತರು. ಎಲ್ಲ ಕೇಳಿದ ಮೇಲೆ ಹಿರಿಯರೊಬ್ಬರು ಗಡ್ಡ ನೀವಿಕೊಂಡರು.

"ಕೊನೇ ಪ್ರಶ್ನೆ, ಹುಡುಗಿ. ಓಶೆರ್ ಹೆಸರು ಕೇಳಿದ್ರೆ ನಿನ್ನ ಕಣ್ಣು ಅರಳೋದನ್ನ ನೋಡಿದ್ದೀನಿ. ನಾಳೆ ಓಶೆರ್ ಬೇರೆ ಯಾರನ್ನೋ ಮದುವೆ ಆದ ಅಂತಿಟ್ಕೋ. ಆಗ ಏನು ಮಾಡ್ತೀಯ?"

ರಬ್ಬಿ ತಲೆ ತಗ್ಗಿಸಿದರು. ತೈಸಿಯಾಳಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಅಳ್ತೀನಿ... ಆಮೇಲೆ ಶುಕ್ರವಾರ ಬಂದಾಗ ಕಣ್ಣೊರೆಸ್ಕೊಂಡು ದೀಪ ಹಚ್ತೀನಿ."

ಹಿರಿಯರಿಬ್ಬರೂ ರಬ್ಬಿಯತ್ತ ನೋಡಿ ತಲೆಯಾಡಿಸಿದರು. ನಂತರ ರಬ್ಬಿ ಮೆಲ್ಲನೆ ಹೇಳಿದರು, "ಶುದ್ಧಿಸ್ನಾನದ ಕೊಳಕ್ಕೆ ಇಳಿ, ಮಗಳೇ. ಇನ್ನು ನೀನು ನಮ್ಮವಳು."

ಮಿಂದು ಒದ್ದೆ ಕೂದಲಲ್ಲಿ ಹೊರಬಂದಾಗ ಹಿಪ್ಪುನೇರಳೆ ಮರದಡಿ ಓಶೆರ್ ನಿಂತಿದ್ದ. ತೈಸಿಯಾ ಮುಖ ತಿರುಗಿಸಿದಳು.

"ಇವತ್ತು ಬೀದಿ ದಾಟಲ್ವಾ?"

"ಇವತ್ತಿಗೇ ಕಾಯ್ತಿದ್ದೆ. ಮೊದಲೇ ಪ್ರೀತಿ ಅಂದಿದ್ರೆ, ಗಂಡಿಗೋಸ್ಕರ ಬಂದವಳು ಅಂತಿದ್ರು... ನಿಮ್ಮ ಹಂಬಲಾನ ಯಾರೂ ನಂಬ್ತಿರಲಿಲ್ಲ. ಅದಕ್ಕೇ ಬಾಯಿ ಮುಚ್ಕೊಂಡಿದ್ದೆ."

ಅವಳ ಕಣ್ಣು ತುಂಬಿತು. ಇಷ್ಟು ದಿನ ತಿರಸ್ಕಾರವೆಂದುಕೊಂಡಿದ್ದು ಕಾವಲಾಗಿತ್ತು!

"ನನ್ನನ್ನ ಮದುವೆ ಆಗ್ತೀರಾ, ತೈಸಿಯಾ?"

ಅವಳು ಹೂಂ ಎಂದು ತಲೆಯಾಡಿಸಿದಳು.

"ನೀವು ಒಳಗೆ ಹೇಳಿದ್ದನ್ನ ಅಪ್ಪ ನನಗೆ ಹೇಳಿದ್ರು. ನಾನು ಸಿಗದಿದ್ರೆ... ನಿಜವಾಗ್ಲೂ ಅಳ್ತಿದ್ರಾ?"

"ಅಳ್ತಿದ್ದೆ."

"ಎಷ್ಟು?"

"ಅದು ನಿಮಗಿನ್ನು ಯಾವತ್ತೂ ಗೊತ್ತಾಗಲ್ಲ ಬಿಡಿ!"