ಅರವತ್ತೆರಡಕ್ಕೆ ಮೂರು

ಸೋಮವಾರ ಬೆಳಿಗ್ಗೆ ಕ್ಲಿನಿಕ್ಕಿಗೆ ಬಂದ ಮೊದಲ ರೋಗಿ ಮುದುಕ ಪರ್ವಿಸ್. ಕುರ್ಚಿಯಲ್ಲಿ ಒರಗುವ ಮೊದಲು ನನ್ನ ಮುಖ ನೋಡಿದವರೇ, ಸಾವಿನ ಮನೆಗೆ ಬಂದವರ ಹಾಗೆ ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು.

"ಅತ್ತಿದ್ದೀಯ ಅಲ್ವಾ ಟ್ವಿಲಾ? ಕಣ್ಣು ನೋಡಿದ್ರೇ ಗೊತ್ತಾಗುತ್ತೆ. ನಮ್ಮನೇಲೂ ಅದೇ ಕಥೆ ಕಣಮ್ಮ. ನಿನ್ನೆ ನಮ್ಮವಳು ಒಲೆ ಹಚ್ಚಲಿಲ್ಲ."

"ಬಾಯಿ ತೆಗೀರಿ," ಎಂದೆ.

"ಅರವತ್ತೆರಡಕ್ಕೆ ಮೂರು! ಆ ಕೋಚ್‌ಗೆ ಮಾನ ಮರ್ಯಾದೆ ಏನಾದ್ರೂ..."

"ಇನ್ನೂ ದೊಡ್ಡದಾಗಿ ತೆಗೀರಿ ಸಾರ್."

ಹಲ್ಲು ಕ್ಲೀನ್ ಮಾಡುವ ಕೆಲಸದಲ್ಲಿ ಇದೊಂದು ಸುಖ. ಎದುರಿಗಿರುವವರ ಬಾಯಿ ತೆರೆಸಿಯೇ ಮಾತು ನಿಲ್ಲಿಸಬಹುದು. ಆದರೂ ಪರ್ವಿಸ್ ಹೋಗುವಾಗ ನನ್ನ ಕೈ ಹಿಡಿದು, "ಧೈರ್ಯವಾಗಿರು, ಮುಂದಿನ ವರ್ಷ ಇದ್ದೇ ಇದೆ," ಎಂದರು. ನನಗೆ ಅವರ ಕೈ ಕಚ್ಚಬೇಕು ಅನ್ನಿಸಿತು.

ಮಿಸಿಸಿಪ್ಪಿಯ ಈ ಟಾಲ್ಬರ್ಟ್ ಊರಿನಲ್ಲಿ ಶನಿವಾರ ಕಾಲೇಜಿನ ಫುಟ್‌ಬಾಲ್ ಟೀಮ್ ಸೋತರೆ ಸೋಮವಾರ ಅತ್ತವರನ್ನು ಯಾರೂ ಕಾರಣ ಕೇಳುವುದಿಲ್ಲ. ಮೊಟ್ಟೆಯಾಕಾರದ ಚೆಂಡನ್ನು ತಬ್ಬಿಕೊಂಡು ಓಡುವ ಆ ಹುಡುಗರಿಗಾಗಿ ಇಲ್ಲಿ ಶೆರೀಫರೂ ಅಳುತ್ತಾರೆ, ಪಾದ್ರಿಯೂ ಅಳುತ್ತಾರೆ. ಹಾಗಾಗಿ ನಾನೂ ಅದರ ಮರೆಯಲ್ಲಿ ಎರಡು ದಿನ ಹಾಯಾಗಿ ಅತ್ತೆ. ಎಲ್ಲರ ಲೆಕ್ಕದಲ್ಲಿ ನಾನು ಮ್ಯೂಲ್ಸ್‌ಗಾಗಿ ಅತ್ತವಳು. ನಿಜವಾಗಿ ಅತ್ತಿದ್ದು ಗ್ರೇಡಿ ಹಾಲಿಸ್ ಎಂಬ ಕಲ್ಲುಗುಂಡಿಗಾಗಿ.

ನಮ್ಮ ಟೀಮಿನ ಹೆಸರು ಮ್ಯೂಲ್ಸ್, ಅಂದರೆ ಹೇಸರಗತ್ತೆಗಳು. ಬೇರೆ ಕಾಲೇಜುಗಳಿಗೆ ಹುಲಿ, ಹದ್ದು, ಕರಡಿ; ನಮ್ಮ ಪಾಲಿಗೆ ಬಂದದ್ದು ಇದು. ಅಭಿಮಾನಿಗಳೂ ಹೆಸರಿಗೆ ತಕ್ಕವರೇ, ನಿಂತಲ್ಲಿಂದ ಕದಲುವ ಜಾತಿಯಲ್ಲ. ಸ್ಟೇಡಿಯಮ್ಮಿನ ಸೀಟು ನಮ್ಮಲ್ಲಿ ಹೊಲ ಮನೆಯ ಹಾಗೆ ಅಪ್ಪನಿಂದ ಮಕ್ಕಳಿಗೆ ಬರುತ್ತದೆ. ಅಪ್ಪ ತೀರಿಕೊಂಡಾಗ ಅವರ ಸೀಟು ನನಗೆ ಬಂತು. ಪಕ್ಕದ ಸೀಟು ಹಾಲಿಸ್ ಕುಟುಂಬದ್ದು. ಅಲ್ಲಿ ಗ್ರೇಡಿ ಕೂತಿದ್ದ.

ಅವನದು ಐವತ್ತು ಮೈಲಿ ದೂರದ ಹಳ್ಳಿ. ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ಉದ್ದ ಕಾಲು, ಎಣ್ಣೆ ಕಲೆ ಹೋಗದ ಉಗುರು, ಮುಂದಿನ ಎರಡು ಹಲ್ಲಿನ ನಡುವೆ ಒಂದು ಸಂದು. ವೃತ್ತಿಯವಳಾಗಿ ಹೇಳುತ್ತೇನೆ, ಆ ಸಂದನ್ನು ಸುಲಭವಾಗಿ ಮುಚ್ಚಬಹುದು. ಮುಚ್ಚಿದವರ ಕೈ ಸೇದಿಹೋಗಲಿ.

ಒಂಬತ್ತು ವರ್ಷ ನಾವು ಸೆಪ್ಟೆಂಬರಿನಿಂದ ನವೆಂಬರಿನವರೆಗೆ, ಶನಿವಾರ ಮಾತ್ರ, ಮೊಣಕೈಗೆ ಮೊಣಕೈ ತಾಗಿಸಿ ಕೂತೆವು. ನಾನು ಬೇಯಿಸಿದ ಕಡಲೆಕಾಯಿ ತರುತ್ತಿದ್ದೆ, ಅವನು ಥರ್ಮಾಸ್‌ನಲ್ಲಿ ಕಾಫಿ. ಚೀಲದೊಳಗೆ ಇಬ್ಬರ ಬೆರಳು ಸಿಕ್ಕಿಹಾಕಿಕೊಂಡರೆ ಅವನು ಕೈ ಹಿಂದೆಗೆಯುತ್ತಿರಲಿಲ್ಲ, ಮುಂದಕ್ಕೂ ತರುತ್ತಿರಲಿಲ್ಲ. ಮೈದಾನ ನೋಡುತ್ತಲೇ ಮೆಲ್ಲಗೆ ನಗುತ್ತಿದ್ದ. ಚಳಿಗೆ ನನ್ನ ಮೂಗು ಕೆಂಪಾದರೆ, "ಟ್ವಿಲಾ, ಸಿಗ್ನಲ್ ಬಿತ್ತು, ಆಟ ನಿಲ್ಲಿಸಲಾ?" ಎಂದು ತನ್ನ ಮಫ್ಲರ್ ಬಿಚ್ಚಿ ನನ್ನ ಕೊರಳಿಗೆ ಸುತ್ತುತ್ತಿದ್ದ. ಆ ಮಫ್ಲರ್‌ಗೆ ಡೀಸೆಲ್ ವಾಸನೆ. ಹಾಳಾದ್ದು, ಈಗಲೂ ಪೆಟ್ರೋಲ್ ಬಂಕಿಗೆ ಹೋದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಮ್ಯೂಲ್ಸ್ ಚೆಂಡನ್ನು ಕೊನೆಯ ಗೆರೆ ದಾಟಿಸಿ ಟಚ್‌ಡೌನ್ ಮಾಡಿದರೆ ಸುತ್ತಲಿನವರೆಲ್ಲ ಗುರುತು ಪರಿಚಯ ನೋಡದೆ ಅಪ್ಪಿಕೊಳ್ಳುತ್ತಾರೆ. ಆಗ ಗ್ರೇಡಿಯೂ ನನ್ನನ್ನು ಅಪ್ಪಿ, ನೆಲದಿಂದ ಎತ್ತಿ, ಒಂದು ಸುತ್ತು ತಿರುಗಿಸುತ್ತಿದ್ದ. ಉಳಿದವರು ಬಿಟ್ಟ ಮೇಲೂ ಅವನು ಒಂದು ಗಳಿಗೆ ಬಿಡುತ್ತಿರಲಿಲ್ಲ. ನನ್ನ ಪ್ರೇಮದ ಸ್ಥಿತಿ ನೋಡಿ: ಯಾವನೋ ಹತ್ತೊಂಬತ್ತರ ಹುಡುಗ ಗೆರೆ ದಾಟಿದರೆ ನನಗೊಂದು ಅಪ್ಪುಗೆ, ಎಡವಿ ಬಿದ್ದರೆ ಇಲ್ಲ.

ಹಿಂದಿನ ಸಾಲಿನ ಮಿಸ್ ಓಡೆಲ್‌ಗೆ ಇದೆಲ್ಲ ಕಾಣುತ್ತಿತ್ತು. ಎಂಬತ್ತು ದಾಟಿದ ಮುದುಕಿ, ನಾಲಿಗೆ ಮಾತ್ರ ಇಪ್ಪತ್ತರದ್ದು. "ಏ ಗ್ರೇಡಿ, ಆ ಹುಡುಗಿ ತಂದ ಕಡಲೆಕಾಯಿ ಇನ್ನೂ ಎಷ್ಟು ವರ್ಷ ಬಿಟ್ಟಿ ತಿಂತೀಯೋ? ತಿಂದಿದ್ದಕ್ಕಾದ್ರೂ ಬಾಯಿ ಬಿಡೋ!" ಎನ್ನುತ್ತಿದ್ದಳು. ಅವನ ಕಿವಿ ಕೆಂಪಾಗುತ್ತಿತ್ತು.

ಈ ವರ್ಷ ಅವನು ಬಾಯಿ ಬಿಟ್ಟ. ಅರ್ಧ ಬಿಟ್ಟ. ನವೆಂಬರ್ ಮೊದಲ ವಾರ, ಆಟ ಗೆದ್ದ ಖುಷಿಯಲ್ಲಿ ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದು, "ಬ್ರಾಂಟ್ಲಿಯವರನ್ನ ಸೋಲಿಸಿದ ದಿನ ನಿನ್ನ ಹತ್ರ ಒಂದು ಮಾತು ಕೇಳೋದಿದೆ," ಎಂದ.

"ಈಗ್ಲೇ ಕೇಳು."

"ಉಹೂಂ. ಗೆದ್ದ ಮೇಲೆ."

ಬ್ರಾಂಟ್ಲಿ ನಮ್ಮ ಬದ್ಧವೈರಿ. ಅವರ ಜತೆಗಿನ ಆಟವೇ ಪ್ರತಿ ವರ್ಷದ ಕೊನೆಯ ಆಟ. ಈ ಸಲ ನಮ್ಮ ಟೀಮ್ ಚೆನ್ನಾಗಿ ಆಡುತ್ತಿತ್ತು. ನಾನು ಹೊಸ ಸ್ವೆಟರ್ ಕೊಂಡೆ, ಕೂದಲು ಕತ್ತರಿಸಿಕೊಂಡೆ. ಅಮ್ಮ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಇದು ಫುಟ್‌ಬಾಲ್‌ಗೆ ಮಾಡಿದ ಅಲಂಕಾರ ಅಲ್ಲ ಬಿಡು," ಎಂದಳು.

ಅಲಂಕಾರಕ್ಕೆ ಮಣ್ಣು ಬಿತ್ತು. ಮೊದಲ ಕಿಕ್ಕನ್ನೇ ಬ್ರಾಂಟ್ಲಿಯ ಹುಡುಗ ಹಿಡಿದು ಮೈದಾನದ ಆಚೆ ತುದಿಯವರೆಗೆ ಓಡಿದ. ನಮ್ಮವರು ಬಸ್ಸು ತಪ್ಪಿಸಿಕೊಂಡವರ ಹಾಗೆ ಅವನ ಹಿಂದೆ ಓಡಿದರು. ಆಮೇಲೆ ನಮ್ಮ ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡುಗಳೆಲ್ಲ ಅವರ ಕೈಗೇ ಹೋದವು. ಅರ್ಧ ಆಟಕ್ಕೆ ಮೂವತ್ತೆಂಟು ಸೊನ್ನೆ. ನಮ್ಮದು ಸೊನ್ನೆ, ಬೇರೆ ಹೇಳಬೇಕೇ?

ಸಾಲು ಸಾಲಾಗಿ ಜನ ಎದ್ದರು. ಮಿಸ್ ಓಡೆಲ್ ಕೂಡ ಕಂಬಳಿ ಮಡಚಿದಳು. "ನಾನು ಹೊರಟೆ ಮಕ್ಕಳೇ. ನನಗುಳಿದಿರೋ ಟೈಮಿನಲ್ಲಿ ಇಂಥದ್ದನ್ನ ನೋಡೋಕಾಗಲ್ಲ."

ನಮ್ಮ ಸಾಲಿನಲ್ಲಿ ನಾವಿಬ್ಬರೇ ಉಳಿದೆವು. ಬ್ಯಾಂಡಿನವರು ನುಡಿಸುತ್ತಿದ್ದರು, ಪಾಪ, ಯಾರಿಗಾಗಿಯೋ.

"ಗ್ರೇಡಿ."

"ಹೂಂ."

"ಏನೋ ಕೇಳೋದಿದೆ ಅಂದಿದ್ದೆಯಲ್ಲ."

ಕಡಲೆಕಾಯಿ ಚೀಲದಲ್ಲಿದ್ದ ಅವನ ಕೈ ಅಲ್ಲೇ ನಿಂತಿತು. ಓರೆಗಣ್ಣಿನಿಂದ ನನ್ನ ಕೂದಲು ನೋಡಿದ, ಸ್ವೆಟರ್ ನೋಡಿದ, ಮತ್ತೆ ಮೈದಾನ ನೋಡಿದ. "ಗೆದ್ರೆ ಅಂದಿದ್ದೆ."

"ಸೋತ್ರೂ ನನಗೆ ಕಿವಿ ಕೇಳಿಸುತ್ತೆ."

ಅವನು ನಕ್ಕ. ಆ ಸಂದು ಕಂಡಿತು. ಇನ್ನೇನು ಕೇಳಿಯೇಬಿಟ್ಟ ಎಂದು ನಾನು ಉಸಿರು ಹಿಡಿದೆ. ಅಷ್ಟರಲ್ಲಿ ಅವನ ಕಣ್ಣು ಸ್ಕೋರ್‌ಬೋರ್ಡಿನ ಮೇಲೆ ಹೋಯಿತು.

"ಇವತ್ತು ಬೇಡ ಕಣೇ. ಇಂಥಾ ದಿನ ಇಂಥಾ ಮಾತು ಎತ್ತಬಾರದು. ನಮ್ಮಪ್ಪ ಅಮ್ಮನ್ನ ಕೇಳಿದ್ದು ಬ್ರಾಂಟ್ಲಿ ಸೋತ ದಿನ, ಸಾಯೋವರೆಗೂ ಚೆನ್ನಾಗಿದ್ರು. ನಮ್ಮಣ್ಣ ಕೇಳಿದ್ದು ನಾವು ಸೋತ ದಿನ. ಅತ್ತಿಗೆ ಎರಡೇ ವರ್ಷಕ್ಕೆ ನಾಯಿ ಸಮೇತ ಹೊರಟುಹೋದ್ಲು."

"ನಿಮ್ಮಣ್ಣ ಕುಡೀತಿದ್ದ ಮಾರಾಯ!"

"ಕುಡಿಯೋಕೆ ಶುರು ಮಾಡಿದ್ದೇ ಆ ಸೋಲಿಗೆ."

ಇಂಥವನಿಗೆ ಏನು ಹೇಳುತ್ತೀರಿ? ನನಗೆ ನಗುವೂ ಬಂತು, ಅಳುವೂ ಬಂತು. ನಾನು ಅವನ ತೋಳು ಹಿಡಿದೆ.

"ಸರಿ, ಏನೂ ಕೇಳಬೇಡ. ಎದ್ದು ಬಾ. ನದಿ ಹತ್ರ ಮೀನು ಕರಿದುಕೊಡ್ತಾರಲ್ಲ, ಅಲ್ಲಿಗೆ ಹೋಗೋಣ. ಸುಮ್ಮನೆ ಎದುರುಗಡೆ ಕೂತ್ಕೋ, ಸಾಕು. ಒಂಬತ್ತು ವರ್ಷ ನಿನ್ನ ಎಡಗಿವಿ ನೋಡಿದ್ದೇ ಆಯ್ತು. ಒಂದು ಸಲ ಮುಖ ನೋಡ್ತೀನಿ."

ಇದಕ್ಕಿಂತ ಬಿಡಿಸಿ ಹೇಳಲು ನನಗೆ ಬರುವುದಿಲ್ಲ. ಹೆಣ್ಣೊಬ್ಬಳು ಇಷ್ಟು ಹೇಳಿದ ಮೇಲೆ ಬಂಡೆಯೂ ಎದ್ದು ಬರುತ್ತಿತ್ತು.

"ಆಟ ಮುಗಿದಿಲ್ಲ ಟ್ವಿಲಾ," ಎಂದ ಗ್ರೇಡಿ.

"ಮುಗಿದುಹೋಗಿದೆ ಕಣೋ! ಮೂವತ್ತೆಂಟು!"

"ಗಡಿಯಾರದಲ್ಲಿ ಇನ್ನೂ ಟೈಮಿದೆ. ಹಾಲಿಸ್ ಮನೆಯವರು ಯಾರೂ ಮಧ್ಯದಲ್ಲಿ ಎದ್ದು ಹೋಗಿಲ್ಲ." ಆಮೇಲೆ, ನನ್ನನ್ನು ಸಮಾಧಾನ ಮಾಡುತ್ತಿರುವ ಹಾಗೆ, ದನಿ ತಗ್ಗಿಸಿ ಹೇಳಿದ. "ಬೇಜಾರು ಮಾಡ್ಕೋಬೇಡ. ಮುಂದಿನ ವರ್ಷ ಗೆಲ್ತೀವಿ. ಟೆಕ್ಸಸ್‌ನಿಂದ ಹೊಸ ಕ್ವಾರ್ಟರ್‌ಬ್ಯಾಕ್ ಬರ್ತಿದ್ದಾನಂತೆ. ಅವನ ತೋಳು ಅಂದ್ರೆ ಫಿರಂಗಿಯಂತೆ. ಆಗ ಕೇಳ್ತೀನಿ."

ಮುಂದಿನ ವರ್ಷ! ಟೆಕ್ಸಸ್ಸಿನಲ್ಲಿ ಇನ್ನೂ ಹೈಸ್ಕೂಲಿಗೆ ಹೋಗುತ್ತಿರುವ, ಮೀಸೆ ಬಂದಿದೆಯೋ ಇಲ್ಲವೋ ಗೊತ್ತಿಲ್ಲದ ಒಬ್ಬ ಹುಡುಗನ ತೋಳಿನ ಮೇಲೆ ನನ್ನ ಬಾಳು ನಿಂತಿತ್ತು. ನನಗೆ ಮೂವತ್ತೆಂಟು. ಆ ಹೊತ್ತಿನ ಸ್ಕೋರೂ ಅದೇ. ನನ್ನ ಮೈಯೆಲ್ಲ ಉರಿದುಹೋಯಿತು. ನಾನು ಎದ್ದು ನಿಂತೆ.

ಗ್ರೇಡಿ ತಲೆಯೆತ್ತಿ ನೋಡಿದ. ಅವನ ಮುಖದಲ್ಲಿ ನಿಜವಾದ ನೋವಿತ್ತು, ಸುಳ್ಳು ಹೇಳಲಾರೆ. ಆದರೆ ಯಾವುದಕ್ಕೆ ನೋವು? "ನೀನೂ ಅಷ್ಟೇನಾ ಟ್ವಿಲಾ? ಸೋಲ್ತಿದ್ದಾಗ ಎದ್ದು ಹೋಗೋಳಾ?"

ನಮ್ಮ ಕಡೆ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ಅಪ್ಪನ ಹೆಣದ ಮೇಲೆ ಮ್ಯೂಲ್ಸ್‌ನ ಹಸಿರು ಬಾವುಟ ಹೊದಿಸಿದವಳು ನಾನು. ಕಡಲೆಕಾಯಿ ಚೀಲ ಅಲ್ಲೇ ಬಿಟ್ಟು ಮೆಟ್ಟಿಲಿಳಿದೆ.

ಕೆಳಗೆ ತಿಂಡಿ ಅಂಗಡಿಗಳ ಸಾಲಿನಲ್ಲಿ ನಿಂತೆ. ಒಂದು ಟೀ ಕೊಂಡೆ, ಕುಡಿಯಲಿಲ್ಲ. ಬರುತ್ತಾನೆ, ಈಗ ಬರುತ್ತಾನೆ ಎಂದು ಮೆಟ್ಟಿಲ ಬಾಯನ್ನೇ ನೋಡಿದೆ. ಮೂರನೇ ಕ್ವಾರ್ಟರ್ ಶುರುವಾಗಿ ಮುಗಿಯಿತು. ಇದ್ದಕ್ಕಿದ್ದಂತೆ ಮೇಲೆ ಒಂದು ಸಣ್ಣ ಕೂಗು ಎದ್ದಿತು. ನಮ್ಮವರು ಫೀಲ್ಡ್ ಗೋಲ್ ಹೊಡೆದಿದ್ದರು, ಮೂರು ಅಂಕ. ಅಂಗಡಿಯ ಟೀವಿಯಲ್ಲಿ ಖಾಲಿ ಸೀಟುಗಳ ನಡುವೆ ಒಬ್ಬನೇ ಒಬ್ಬ ಎದ್ದು ನಿಂತು, ತಲೆಯ ಮೇಲೆ ಕೈಯೆತ್ತಿ ಚಪ್ಪಾಳೆ ತಟ್ಟುತ್ತಿದ್ದ. ಪಕ್ಕದ ಸೀಟಿನಲ್ಲಿ ನನ್ನ ಕಡಲೆಕಾಯಿ ಚೀಲ.

"ನೋಡಿ, ನಿಷ್ಠೆ ಅಂದರೆ ಇದು," ಎಂದ ಕಾಮೆಂಟರಿಯವನು.

ಟೀ ಲೋಟವನ್ನು ಡಬ್ಬಿಗೆಸೆದು ಮನೆಗೆ ಹೋದೆ.

ಭಾನುವಾರ ಚರ್ಚು ಮುಗಿಸಿ ಬಂದು ಅಮ್ಮ ಮಲಗಿದ್ದಳು. ಮಧ್ಯಾಹ್ನ ಗಾಡಿ ನಿಂತ ಸದ್ದು. ಬಾಗಿಲು ತೆರೆದರೆ ಜಗುಲಿಯ ಮೇಲೆ ಗ್ರೇಡಿ, ಚರ್ಚಿಗೆ ಹಾಕುವ ನೀಲಿ ಶರಟಿನಲ್ಲಿ. ಹಸಿರು ಬಿಟ್ಟು ಬೇರೆ ಬಣ್ಣದಲ್ಲಿ ಅವನನ್ನು ನೋಡಿದ್ದೇ ಅವತ್ತು. ಎದುರಿನಿಂದ ಅವನ ಮುಖ ನಾನಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು, ಕಣ್ಣಿನ ಸುತ್ತ ದಣಿವಿತ್ತು.

"ನೀನು ಹೋದ್ಮೇಲೆ ಒಂದು ಫೀಲ್ಡ್ ಗೋಲ್ ಹೊಡೆದ್ರು," ಎಂದ.

"ನೋಡಿದೆ."

"ರಾತ್ರಿಯೆಲ್ಲ ನಿದ್ದೆ ಬರಲಿಲ್ಲ."

"ಅರವತ್ತೆರಡು ತಿಂದ್ರೆ ಯಾರಿಗೆ ಬರುತ್ತೆ?"

"ಅದಕ್ಕಲ್ಲ ಕಣೇ." ಬೂಟಿನ ತುದಿಯಿಂದ ಜಗುಲಿಯ ಹಲಗೆ ಕೆದಕಿದ. "ಸೀಸನ್ ಮುಗೀತಲ್ಲ. ಇನ್ನು ಶಕುನ ಗಿಕುನ ಏನೂ ಅಡ್ಡ ಬರಲ್ಲ. ಅದಕ್ಕೆ ಬಂದೆ, ಕೇಳೇಬಿಡೋಣ ಅಂತ."

ಒಳಗಿನಿಂದ ಅಮ್ಮ, "ಯಾರೇ ಅದು?" ಎಂದು ಕೂಗಿದಳು.

"ಯಾರೂ ಇಲ್ಲಮ್ಮ!" ಎಂದೆ. ಗ್ರೇಡಿಯ ಮುಖ ಸಣ್ಣದಾಯಿತು. ಆದರೂ ನನ್ನ ಮಾತು ನಿಲ್ಲಲಿಲ್ಲ.

"ಇನ್ನು ಮುಂದೆ ನನಗೆ ಸೋಲಿನ ದಿನಗಳೇ ಜಾಸ್ತಿ ಬರೋದು ಗ್ರೇಡಿ. ಅಮ್ಮನಿಗೆ ಕೈಲಾಗ್ತಿಲ್ಲ. ನನಗೂ ವಯಸ್ಸಾಗುತ್ತೆ, ಕಾಯಿಲೆ ಬರುತ್ತೆ. ಅಂಥಾ ದಿನ ನನ್ನ ಪಕ್ಕ ಕೂತು 'ಇವತ್ತು ಬೇಡ' ಅಂತೀಯ ನೀನು."

"ಅನ್ನಲ್ಲ."

"ನಿನ್ನೆ ಅಂದೆ."

ಒಂದು ಹೆಜ್ಜೆ ಮುಂದೆ ಬಂದ. ಅದೇ ಡೀಸೆಲ್ ವಾಸನೆ. "ಟ್ವಿಲಾ, ನೀನು ನನ್ನ..."

"ಕೇಳಬೇಡ!"

"ಯಾಕೆ?"

"ಕೇಳಿದ್ರೆ ಹೂಂ ಅಂದುಬಿಡ್ತೀನಿ."

ಈಗ ನೀವೇ ಹೇಳಿ, ಇಂಥ ಮಾತು ಕೇಳಿದ ಗಂಡಸು ಏನು ಮಾಡಬೇಕು? ಗ್ರೇಡಿ ನನ್ನನ್ನು ನೋಡಿದ. ಅವನ ತುಟಿ ಅಲುಗಿತು. ಕೇಳೋ ಪಾಪಿ, ಕೇಳೋ, ಎಂದು ನನ್ನ ಮೈಯ ಕಣಕಣವೂ ಕೂಗುತ್ತಿತ್ತು.

"ಸರಿ," ಎಂದ. "ನೀನು ಬೇಡ ಅಂದ್ರೆ ಕೇಳಲ್ಲ."

ಹೇಳಿದ ಮಾತು ಕೇಳುವ ಒಳ್ಳೆಯ ಮನುಷ್ಯ. ಟೋಪಿ ಹಾಕಿಕೊಂಡು ಮೆಟ್ಟಿಲಿಳಿದ. ಗಾಡಿಯ ಬಾಗಿಲು ತೆರೆದು, ನಿಂತು, ಹಿಂದಿರುಗಿ ನೋಡಿದ.

"ಟ್ವಿಲಾ."

"ಏನು?" ಎಂದೆ. ಜೀವ ಬಾಯಿಗೆ ಬಂದಿತ್ತು.

"ಮುಂದಿನ ವರ್ಷ... ಸೀಟು ಬಿಡಲ್ಲ ತಾನೇ?"

"ಬಿಟ್ಟಾಯ್ತು," ಎಂದು ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಅವನ ಗಾಡಿ ಎಷ್ಟೋ ಹೊತ್ತು ಸ್ಟಾರ್ಟ್ ಆಗಿಯೇ ಮನೆ ಮುಂದೆ ನಿಂತಿತ್ತು. ನಾನು ಬಾಗಿಲ ಹಿಂದೆ ಚಿಲಕದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆ. ಬಡಿದಿದ್ದರೆ ತೆಗೆಯುತ್ತಿದ್ದೆ. ದೇವರಾಣೆ, ತೆಗೆಯುತ್ತಿದ್ದೆ. ಅವನು ಬಡಿಯಲಿಲ್ಲ.