ಮೂರು ಬತ್ತಿಯ ಲೋಟ

"ಅದೇ ಲೋಟ, ಅಷ್ಟೇ ಗಾಳಿ... ಮೂರು ಬತ್ತಿ ಹಚ್ಚಿದ್ರೆ ನೀರು ಜಾಸ್ತಿ ಯಾಕೆ ಏರತ್ತೆ?"

2001ರ ಒಂದು ಬೆಳಿಗ್ಗೆ. ಚೆನ್ನೈನ ವೆಸ್ಟ್ ಮಾಂಬಲಂ ಶಾಲೆಯ ಖಾಲಿ ತರಗತಿಯಲ್ಲಿ ವಿಜ್ಞಾನದ ಟೀಚರ್ ಮಾಧವಿ ತನ್ನಷ್ಟಕ್ಕೆ ಗಟ್ಟಿಯಾಗಿ ಕೇಳಿಕೊಂಡಳು. ಎದುರಿಗೆ ತಟ್ಟೆಯ ನೀರಿನಲ್ಲಿ ನಿಂತ ಮೇಣದ ಬತ್ತಿಗಳು, ಮೇಲೆ ಬೋರಲು ಹಾಕಿದ ಗಾಜಿನ ಲೋಟ.

"ಆಮ್ಲಜನಕ ಖರ್ಚಾಗಿ ಅಂತ ಗೈಡಿನಲ್ಲುಂಟಲ್ಲ!" ಬಾಗಿಲಲ್ಲೊಂದು ದನಿ.

ಮಾಧವಿ ಸಿಡುಕಿದಳು. "ಬತ್ತಿ ಮೂರಾದ್ರೆ ಆಮ್ಲಜನಕವೂ ಮೂರು ಪಟ್ಟಾಗತ್ತಾ? ಯಾರ್ರೀ ನೀವು?"

ಅವನು ನಕ್ಕ. "ಪ್ರವೀಣ್. ಗಿಂಡಿಯ ಟೀಚರ್ ತರಬೇತಿ ಕೇಂದ್ರದಿಂದ ಬಂದದ್ದು. ಇವತ್ತು ನಿಮ್ಮ ಕ್ಲಾಸಲ್ಲಿ ಹಿಂದೆ ಕೂತು ಪಾಠ ನೋಡ್ಲಿಕ್ಕುಂಟು."

ಆ ನಗು! ಅವಳ ಎದೆ ಯಾಕೋ ಡವಗುಟ್ಟಿತು.

ಎಂಟನೇ ತರಗತಿ ಗದ್ದಲವೋ ಗದ್ದಲ. ಬತ್ತಿ ಹೆಚ್ಚಾದಷ್ಟೂ ಬಿಸಿಗೆ ಹಿಗ್ಗಿದ ಗಾಳಿ ಹೆಚ್ಚು ಗುಳ್ಳೆಯಾಗಿ ಹೊರಬೀಳುವುದನ್ನೂ, ಉಳಿದ ಗಾಳಿ ತಣಿದಾಗ ನೀರು ಮೇಲೇರುವುದನ್ನೂ ಮಕ್ಕಳೇ ಕಂಡುಹಿಡಿದರು.

"ಮಿಸ್, ಅಪ್ಪೊ... ಹಾಗಾದ್ರೆ ಗೈಡ್ ತಪ್ಪಾ?"

"ಹೌದಮ್ಮಾ, ತಪ್ಪೇ!"

ಹಿಂದಿನ ಬೆಂಚಿನಲ್ಲಿ ಪ್ರವೀಣ್ ಬರೆಯುತ್ತಲೇ ಇದ್ದ.

ಮರುದಿನ ಹೆಡ್‌ಮಿಸ್ಟ್ರೆಸ್ ಸರಸ ಮೇಡಂ ಅವನು ಬರೆದ ಹಾಳೆಯನ್ನೇ ಮೇಜಿನ ಮೇಲೆ ಬಡಿದರು. "ಗೈಡ್ ತಪ್ಪು ಅಂತ ಹೇಳ್ಕೊಟ್ರಾ? ಪರೀಕ್ಷೇಲಿ ಮಾರ್ಕ್ಸ್ ನೀವು ಕೊಡ್ತೀರಾ? ನಾಳೆಯೊಳಗೆ ತಪ್ಪೊಪ್ಪಿಗೆ ಪತ್ರ ಬೇಕು. ಇಲ್ಲಾಂದ್ರೆ ಕೆಲಸ ಬಿಟ್ಟು ಹೊರಡಿ!"

ಚಾಡಿಕೋರ! ನಗುನಗುತ್ತಲೇ ಕತ್ತು ಕೊಯ್ದನಲ್ಲ... ಮಾಧವಿಯ ಕಣ್ಣು ತುಂಬಿತು.

ಸಂಜೆ ಮಾಂಬಲಂ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದ ಅವಳ ಬಳಿಗೆ ಪ್ರವೀಣ್ ಏದುಸಿರು ಬಿಡುತ್ತ ಬಂದ. "ಮೇಡಂ ಫೋನ್ ಮಾಡಿ ಬೈದ್ರು, ನಿಮ್ಮ ಹತ್ರ ಪತ್ರ ಕೇಳಿದ್ದೂ ಹೇಳಿದ್ರು..."

"ನನ್ನ ಹತ್ರ ಮಾತಾಡ್ಬೇಡಿ!"

"ಒಮ್ಮೆ ಕೇಳಿ. ನಮ್ಮ ಟಿಪ್ಪಣಿ ಟೀಚರಿಗೆ ಮಾತ್ರ ಕೊಡುದು. ನಿಮ್ಗೆ ಸಿಗ್ಲಿ ಅಂತ ನಿಮ್ಮ ಹಾಜರಿ ಪುಸ್ತಕದೊಳಗೆ ಇಟ್ಟೆ. ಅದು ಮೇಡಂ ಸಹಿಗೆ ಹೋಗ್ತದೆ ಅಂತ ಗೊತ್ತಿರ್ಲಿಲ್ಲ ಮಾರಾಯ್ರೆ!"

"ಏನು ಬರೆದಿದ್ರಿ ಅದ್ರಲ್ಲಿ?"

"ಮಕ್ಕಳು ಕೇಳಿದ ಪ್ರಶ್ನೆಗಳು. ಕಡೆಗೆ, ಇಂಥ ಕ್ಲಾಸು ನಾನು ನೋಡಿದ್ದಿಲ್ಲ ಅಂತ." ದನಿ ತಗ್ಗಿತು. "ಇಂಥ ಟೀಚರನ್ನೂ... ಅದನ್ನು ಬರೀಲಿಲ್ಲ."

"ಯಾಕೆ?"

"ಅದು ಹಾಳೆಯಲ್ಲಿ ಬರೆಯುದಾ? ಅಮ್ಮನನ್ನು ಕರ್ಕೊಂಡು ನಿಮ್ಮ ಮನೆಗೆ ಬಂದು ಕೇಳುದು."

ಅವಳ ಕೆನ್ನೆ ಕೆಂಪಾಯಿತು. "ಭಾನುವಾರ ಅಪ್ಪ ಮನೇಲಿರ್ತಾರೆ..."

ಅವನ ಮುಖ ಅರಳಿತು, ಮರುಗಳಿಗೆಯೇ ಬಾಡಿತು. "ಒಂದು ಮಾತು ನಡೆಸಿಕೊಡಿ ಮಾಧವಿ. ಪ್ರವೀಣ್ ಹೇಳಿದ್ದಕ್ಕೆ ಮಾಡಿದೆ ಅಂತ ಪತ್ರ ಬರೀರಿ. ನಿಮ್ಮ ಕೆಲಸ ಉಳೀತದೆ. ನನ್ನನ್ನು ಇನ್ನು ಶಾಲೆಯೊಳಗೆ ಬಿಡ್ಲಿಕ್ಕಿಲ್ಲ, ಅಷ್ಟೆ."

ಮಾಧವಿ ಮೊದಲ ಬಾರಿಗೆ ಅವನ ಕೈ ಹಿಡಿದಳು.

"ಬರೆಯೋಲ್ಲ. ಅವ್ರು ಹೊರಗೆ ಹಾಕಿದ್ರೂ ಬರೆಯೋಲ್ಲ, ನೀವು ಕೇಳಿದ್ರೂ ಬರೆಯೋಲ್ಲ!"